ಹಳೆಯ ಜಾಲತಂತ್ರಾಂಶಕ್ಕೆ ಹೊಸ ಮುಖ: ಆಲದ ಉಪಮೆ ಎಲ್ಲಿಯವರೆಗೆ ಸರಿ?

ಐಹೊಳೆಗೋ ಬಾದಾಮಿಗೋ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಶಿಕ್ಷಕರಿಗೆ ಇದು ಹೊಸ ದೃಶ್ಯವೇನಲ್ಲ. ಹಳೆಯ ಕಲ್ಲುಗೋಡೆಯ ಸಂದಿನಲ್ಲಿ ಒಂದು ಅರಳಿ ಸಸಿ ತಲೆ ಎತ್ತಿರುತ್ತದೆ. ಮಣ್ಣಿಲ್ಲ, ನೀರು ಹಾಕುವವರಿಲ್ಲ. ಹಣ್ಣು ತಿಂದ ಹಕ್ಕಿಯೊಂದು ಹಿಕ್ಕೆಯೊಡನೆ ಬೀಜವನ್ನು ಅಲ್ಲಿ ಬಿಟ್ಟು ಹೋಗಿರುತ್ತದೆ. ಸಸಿ ಎಳೆಯದಿರುವಾಗ ಕಿತ್ತರೆ ತೊಂದರೆಯಿಲ್ಲ. ಬೇರು ಬಲಿತ ಮೇಲೆ ಕೀಳಹೋದರೆ ಕಲ್ಲೂ ಜೊತೆಗೆ ಬರುತ್ತದೆ.

ಇದೇ ಕುಲದ ಕೆಲವು ಜಾತಿಗಳು ಕಾಡಿನಲ್ಲಿ ಬೇರೊಂದು ಮರದ ಕವಲಿನಲ್ಲಿ ಮೊಳೆಯುತ್ತವೆ. ಅಲ್ಲಿಂದ ಬೇರುಗಳನ್ನು ನೆಲದವರೆಗೆ ಇಳಿಬಿಡುತ್ತವೆ. ಬೇರುಗಳು ಆಶ್ರಯದಾತ ಮರದ ಸುತ್ತ ಜಾಲರಿಯಂತೆ ಹೆಣೆದುಕೊಳ್ಳುತ್ತವೆ, ಮೇಲೆ ಎಲೆಗಳು ಅದರ ಬೆಳಕನ್ನು ಕಸಿಯುತ್ತವೆ. ಅನೇಕ ವರ್ಷಗಳ ನಂತರ ಒಳಗಿನ ಮರ ಸತ್ತು ಕೊಳೆತು, ಟೊಳ್ಳಾದ ಹೊಸ ಮರ ತನ್ನ ಕಾಲ ಮೇಲೆ ನಿಂತಿರುತ್ತದೆ. ಬ್ರಿಟನ್ನಿನ ತಂತ್ರಾಂಶ ಲೇಖಕ ಮಾರ್ಟಿನ್ ಫೌಲರ್ 2001ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಇಂಥ ಮರಗಳನ್ನು ನೋಡಿದರು. ಹಳೆಯ ತಂತ್ರಾಂಶವನ್ನು ಒಮ್ಮೆಗೇ ಬಿಸುಡಬೇಡಿ, ಅದರ ಸುತ್ತ ಹೊಸದನ್ನು ಬೆಳೆಸುತ್ತ ಹೋಗಿ, ಹಳೆಯದು ತಾನಾಗಿ ಕ್ಷೀಣಿಸಲಿ ಎಂಬ ಸಲಹೆಗೆ 2004ರಲ್ಲಿ ಅವರು ಈ ಮರದ ಹೆಸರನ್ನೇ ಇಟ್ಟರು.

ಇಪ್ಪತ್ತು ವರ್ಷಗಳಲ್ಲಿ ಆ ಸಣ್ಣ ಟಿಪ್ಪಣಿ ಸೂತ್ರವಾಗಿಬಿಟ್ಟಿದೆ. ಹಳೆಯ ಜಾಲತಂತ್ರಾಂಶವನ್ನು ಆಧುನಿಕ ಫ್ರೇಮ್‌ವರ್ಕಿಗೆ ಬದಲಿಸುವುದು ಹೇಗೆ ಎಂದು ಎಂ.ಸಿ.ಎ. ವಿದ್ಯಾರ್ಥಿಯನ್ನು ಕೇಳಿ ನೋಡಿ. ಆಲದ ಚಿತ್ರ ಬರೆದು, ಒಂದೊಂದೇ ಪುಟ ಬದಲಿಸಬೇಕು ಎಂದು ಒಪ್ಪಿಸುತ್ತಾನೆ. ಸಲಹೆ ತಪ್ಪಲ್ಲ. ಆದರೆ ಈ ಉಪಮೆ ಕೆಲಸದ ಎರಡು ಕಷ್ಟದ ಭಾಗಗಳನ್ನು ಮರೆಮಾಡುತ್ತದೆ ಎಂಬುದು ನನ್ನ ಆಕ್ಷೇಪ. ಅದನ್ನು ಪರಿಶೀಲಿಸೋಣ.

ಸಲಹೆಯ ಹಿಂದಿನ ಕಾರಣ

ಮೊದಲು ಸಲಹೆಯ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡಬೇಕು. ನೆಟ್‌ಸ್ಕೇಪ್ ಸಂಸ್ಥೆ ತನ್ನ ಬ್ರೌಸರನ್ನು ಮೊದಲಿನಿಂದ ಮತ್ತೆ ಬರೆಯಲು ಹೊರಟು, 2000ದ ನವೆಂಬರಿನಲ್ಲಿ ಆರನೆಯ ಆವೃತ್ತಿಯನ್ನು ಹೊರತರುವ ಹೊತ್ತಿಗೆ ಮಾರುಕಟ್ಟೆ ಕೈತಪ್ಪಿತ್ತು. ಅದೇ ವರ್ಷ ಏಪ್ರಿಲಿನಲ್ಲಿ ಜೋಯೆಲ್ ಸ್ಪೋಲ್ಸ್ಕಿ ಬರೆದ ಟೀಕೆ ಇಂದಿಗೂ ಪಾಠವಾಗಿದೆ. ಹಳೆಯ ಸಂಕೇತದ ವಿಕಾರವಾದ ಸಾಲುಗಳಲ್ಲಿ ಬಹಳಷ್ಟು ಸಾಲುಗಳು ಯಾರೋ ಬಳಕೆದಾರರು ಅನುಭವಿಸಿದ ತೊಂದರೆಗೆ ಹಾಕಿದ ತೇಪೆಗಳು. ಎಲ್ಲವನ್ನೂ ಬಿಸುಟರೆ ಆ ತಿಳಿವಳಿಕೆಯೂ ಹೋಗುತ್ತದೆ ಎಂಬುದು ಅದರ ತಿರುಳು.

ಹಳೆಯ ಪುಟಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವೇನು? 2000ದ ದಶಕದ ತಂತ್ರಾಂಶದಲ್ಲಿ ಸರ್ವರ್ ಇಡೀ ಪುಟವನ್ನು ತಯಾರಿಸಿ ಕಳಿಸುತ್ತಿತ್ತು. 2006ರಲ್ಲಿ ಬಂದ ಜೇಕ್ವೆರಿ ಆ ಪುಟದ ಮೇಲೆ ಕೈಯಾಡಿಸುತ್ತಿತ್ತು: ಈ ಸಾಲನ್ನು ಅಡಗಿಸು, ಆ ಪೆಟ್ಟಿಗೆಗೆ ಬಣ್ಣ ಹಚ್ಚು, ಇಷ್ಟೇ. 2013ರಲ್ಲಿ ಮುಕ್ತವಾಗಿ ದೊರೆತ ರಿಯಾಕ್ಟ್, 2014ರ ವ್ಯೂ, 2016ರ ಹೊಸ ಆಂಗ್ಯುಲರ್ ಇವುಗಳ ವಿಚಾರಧಾರೆಯೇ ಬೇರೆ. ದತ್ತಾಂಶ ಹೀಗಿದ್ದರೆ ಪರದೆ ಹೀಗಿರಬೇಕು ಎಂದು ನೀವು ಹೇಳುತ್ತೀರಿ. ದತ್ತಾಂಶ ಬದಲಾದಾಗ ಪರದೆಯನ್ನು ಬದಲಿಸುವ ಹೊಣೆ ಫ್ರೇಮ್‌ವರ್ಕಿನದು.

ಈಗ ಇಳಕಲ್ಲಿನ ಒಂದು ಕಾಲೇಜನ್ನು ಊಹಿಸಿಕೊಳ್ಳಿ. 2009ರಲ್ಲಿ ಪಿ.ಎಚ್.ಪಿ. ಮತ್ತು ಜೇಕ್ವೆರಿ ಬಳಸಿ ಬರೆದ ಪ್ರವೇಶದ ತಂತ್ರಾಂಶ ಅಲ್ಲಿದೆ. ಪ್ರವೇಶ ಅರ್ಜಿ, ಶುಲ್ಕ, ವಸತಿನಿಲಯ, ವಿದ್ಯಾರ್ಥಿವೇತನ ಹೀಗೆ ನಲವತ್ತು ಪುಟಗಳು. ಕಾಲೇಜು ಜೂನ್ ತಿಂಗಳಲ್ಲಿ ಪ್ರವೇಶವನ್ನು ನಿಲ್ಲಿಸಲಾರದು. ಆದ್ದರಿಂದ ಮುಂದೆ ಒಂದು ಬಾಗಿಲು ನಿಲ್ಲಿಸುತ್ತಾರೆ. ಬೇಡಿಕೆ ಬಂದಾಗ ಶುಲ್ಕದ ಪುಟವಾದರೆ ಹೊಸ ತಂತ್ರಾಂಶಕ್ಕೆ, ಉಳಿದದ್ದಾದರೆ ಹಳೆಯದಕ್ಕೆ ಎಂದು ಬಾಗಿಲು ದಾರಿ ತೋರಿಸುತ್ತದೆ. ತಿಂಗಳಿಗೊಂದೆರಡು ಪುಟ ಬದಲಾಗುತ್ತ ಹೋಗುತ್ತವೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ.

ಕೊಂಡಿಯ ಪ್ರಶ್ನೆ

ಆಲಕ್ಕೂ ಅದು ಸುತ್ತಿದ ಮರಕ್ಕೂ ಮಾತುಕತೆ ಬೇಕಿಲ್ಲ. ಒಂದರ ರಸ ಇನ್ನೊಂದರೊಳಗೆ ಹರಿಯುವುದಿಲ್ಲ. ತಂತ್ರಾಂಶದಲ್ಲಿ ಮಾತ್ರ ಹಳೆಯದೂ ಹೊಸದೂ ಪ್ರತಿಕ್ಷಣ ಮಾತಾಡಬೇಕು. ಶುಲ್ಕದ ಹೊಸ ಪುಟಕ್ಕೆ ಹೋದ ಗುಮಾಸ್ತರು ಮತ್ತೊಮ್ಮೆ ಲಾಗಿನ್ ಆಗಬೇಕಾಗಿ ಬಂದರೆ ಎರಡೇ ದಿನದಲ್ಲಿ ಹಳೆಯದನ್ನೇ ಕೊಡಿ ಎನ್ನುತ್ತಾರೆ. ಅವರು ಹೇಳುವುದು ಸರಿಯೂ ಹೌದು.

ಈ ದೃಷ್ಟಿಯಿಂದ ಇಳಕಲ್ಲಿನವರಿಗೆ ಆಸ್ಟ್ರೇಲಿಯದ ಕಾಡಿಗೆ ಹೋಗುವ ಅಗತ್ಯವಿಲ್ಲ. ಅಲ್ಲಿನ ಮಗ್ಗದಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ತಯಾರಿಸಿ, ಕೊಂಡಿಗಳ ಮೂಲಕ ಜೋಡಿಸುತ್ತಾರೆ. ಟೋಪ ತೆನಿ ಸೆರಗು ಎಂದು ಹೆಸರಾದದ್ದು ಇದೇ. ಒಡಲು ಹತ್ತಿಯದಾಗಿರಬಹುದು, ಸೆರಗು ರೇಷ್ಮೆಯದು. ಎರಡು ಬೇರೆ ಸ್ವಭಾವದ ನೂಲು ಒಂದೇ ಬಟ್ಟೆಯಾಗುವುದು ಆ ಕೊಂಡಿಯಿಂದ. ಜೋಡಣೆ ಎಲ್ಲಿ, ಹೇಗೆ ಎಂಬುದನ್ನು ನೇಕಾರ ನೇಯುವುದಕ್ಕೆ ಮೊದಲೇ ನಿರ್ಧರಿಸಿರುತ್ತಾನೆ, ನೇಯ್ದ ಮೇಲೆ ಯೋಚಿಸುವುದಿಲ್ಲ. ನಮ್ಮ ಪಠ್ಯಗಳು ಪುಟ ಬದಲಿಸುವುದನ್ನು ವಿವರವಾಗಿ ಕಲಿಸುತ್ತವೆ, ಕೊಂಡಿಯ ವಿಷಯವನ್ನು ಒಂದು ವಾಕ್ಯದಲ್ಲಿ ಮುಗಿಸುತ್ತವೆ.

ಕೊಂಡಿ ಕೆಟ್ಟರೆ ಏನಾಗುತ್ತದೆ? ತರಗತಿಯ ಉದಾಹರಣೆ ನೋಡಿ. ಒಬ್ಬ ಶಿಕ್ಷಕರು ಮಕ್ಕಳನ್ನು ಬೆಂಚಿನ ಕ್ರಮದಲ್ಲಿ ಕೂರಿಸಿ, ಆ ಕ್ರಮವನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಹಾಜರಿ ಹಾಕುವಾಗ ತಲೆ ಎತ್ತುವುದಿಲ್ಲ, ಪುಸ್ತಕವನ್ನೇ ನಂಬುತ್ತಾರೆ. ಇನ್ನೊಬ್ಬ ಶಿಕ್ಷಕರು ನಡುವೆ ಬಂದು ಮೂರನೆಯ ಬೆಂಚಿನ ಹುಡುಗನನ್ನು ಹೊರಗೆ ಕಳಿಸಿದರು, ಪುಸ್ತಕದಲ್ಲಿ ಬರೆಯಲಿಲ್ಲ. ಮೊದಲನೆಯವರ ಹಾಜರಿ ಅಲ್ಲಿಂದ ಮುಂದೆ ತಪ್ಪುತ್ತ ಹೋಗುತ್ತದೆ. ರಿಯಾಕ್ಟ್ ಮೊದಲನೆಯ ಶಿಕ್ಷಕರಂತೆ. ಪರದೆಯ ಒಂದು ಪ್ರತಿಯನ್ನು ತನ್ನ ಸ್ಮೃತಿಯಲ್ಲಿ ಇಟ್ಟುಕೊಂಡು, ಅದಕ್ಕೂ ಹೊಸ ಸ್ಥಿತಿಗೂ ಇರುವ ವ್ಯತ್ಯಾಸವನ್ನಷ್ಟೇ ಪರದೆಗೆ ಮುಟ್ಟಿಸುತ್ತದೆ. ಅದೇ ಜಾಗದಲ್ಲಿ ಜೇಕ್ವೆರಿ ಒಂದು ಸಾಲನ್ನು ಕಿತ್ತುಹಾಕಿದ್ದರೆ, ಮುಂದಿನ ಸಲ ರಿಯಾಕ್ಟ್ ಇಲ್ಲದ ಸಾಲನ್ನು ತೆಗೆಯಲು ಹೋಗಿ ಮುಗ್ಗರಿಸುತ್ತದೆ. ಆದ್ದರಿಂದ ಪರದೆಯ ಪ್ರತಿಯೊಂದು ತುಂಡಿಗೂ ಒಬ್ಬನೇ ಒಡೆಯನಿರಬೇಕು. ಹಳೆಯ ಮತ್ತು ಹೊಸ ಆಂಗ್ಯುಲರನ್ನು ಒಟ್ಟಿಗೆ ನಡೆಸಲೆಂದು ಗೂಗಲ್ ಒದಗಿಸಿದ ಸೇತುವೆಯ ಮೊದಲ ನಿಯಮವೂ ಇದೇ ಆಗಿತ್ತು.

ಒಡೆತನದ ಪ್ರಶ್ನೆ ಪರದೆಗೆ ಮುಗಿಯುವುದಿಲ್ಲ. 2017ರ ರಾಜ್ಯ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕುಗಳ ಘೋಷಣೆಯಾಯಿತು. ಹುನಗುಂದದಿಂದ ಇಳಕಲ್, ಬಾದಾಮಿಯಿಂದ ಗುಳೇದಗುಡ್ಡ ಬೇರೆಯಾದದ್ದು ಹೀಗೆ. 2009ರ ನಮ್ಮ ಕಾಲ್ಪನಿಕ ತಂತ್ರಾಂಶದಲ್ಲಿ ತಾಲ್ಲೂಕುಗಳ ಪಟ್ಟಿ ಎಲ್ಲಿತ್ತು? ದತ್ತಸಂಚಯದಲ್ಲಿ ಇದ್ದಿದ್ದರೆ ಬಚಾವು. ಹೆಚ್ಚಾಗಿ ಅದು ಪುಟದಲ್ಲಿಯೇ, ಅರ್ಜಿಯಲ್ಲೊಮ್ಮೆ, ವಸತಿನಿಲಯದ ನಮೂನೆಯಲ್ಲೊಮ್ಮೆ, ವಿದ್ಯಾರ್ಥಿವೇತನದಲ್ಲೊಮ್ಮೆ ಕೈಯಿಂದ ಬರೆದದ್ದಾಗಿರುತ್ತದೆ. ಹೊಸ ಪುಟ ಬರೆದವರು ಹೊಸ ಪಟ್ಟಿ ಹಾಕುತ್ತಾರೆ, ಹಳೆಯ ಪುಟಗಳನ್ನು ಹೇಗೂ ತೆಗೆಯುವುದಿದೆ ಎಂದು ಹಾಗೇ ಬಿಡುತ್ತಾರೆ. ಒಬ್ಬಳೇ ವಿದ್ಯಾರ್ಥಿನಿ ಪ್ರವೇಶದ ದಾಖಲೆಯಲ್ಲಿ ಇಳಕಲ್ ತಾಲ್ಲೂಕಿನವಳು, ವಿದ್ಯಾರ್ಥಿವೇತನದ ದಾಖಲೆಯಲ್ಲಿ ಹುನಗುಂದ ತಾಲ್ಲೂಕಿನವಳು. ದಾಖಲೆಗಳು ತಾಳೆಯಾಗದಿದ್ದರೆ ಅಲೆಯಬೇಕಾದವಳು ಅವಳು, ತಂತ್ರಾಂಶ ಬರೆದವರಲ್ಲ. ಊರಿನ ಹೆಸರಿನ ಬದಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ನಿರ್ದೇಶಿಕೆಯ ಸಂಖ್ಯೆಯನ್ನು ಇಟ್ಟುಕೊಂಡು, ಪಟ್ಟಿಯನ್ನು ಒಂದೇ ಕಡೆಯಿಂದ ಎರಡೂ ಪುಟಗಳಿಗೆ ಕೊಡುವುದು ಮೊದಲ ಪುಟ ಬದಲಿಸುವುದಕ್ಕಿಂತ ಮೊದಲೇ ಆಗಬೇಕಾದ ಕೆಲಸ. ಇದರಲ್ಲಿ ಹೊಸ ಫ್ರೇಮ್‌ವರ್ಕಿನ ಮಿಂಚು ಏನೂ ಇಲ್ಲ. ಅದಕ್ಕೇ ಇದನ್ನು ಯಾರೂ ಮೊದಲು ಮಾಡುವುದಿಲ್ಲ!

ಕನ್ನಡದ ವಿಶೇಷ ತೊಡಕು

ಇಂಗ್ಲಿಷಿನ ಪಾಠಪುಸ್ತಕಗಳಲ್ಲಿ ಸಿಗದ ಇನ್ನೊಂದು ತೊಡಕು ನಮಗಿದೆ. ಹಳೆಯ ತಂತ್ರಾಂಶಗಳಲ್ಲಿ ಕನ್ನಡ ಪಠ್ಯ ಯೂನಿಕೋಡಿನಲ್ಲಿ ಇಲ್ಲದಿರಬಹುದು. ನುಡಿಯಂಥ ತಂತ್ರಾಂಶಗಳ 8 ಬಿಟ್‌ಗಳ ಫಾಂಟ್ ಸಂಕೇತದಲ್ಲಿ ಇರಬಹುದು. ಈ ಸಂಕೇತ ಅಕ್ಷರಗಳನ್ನು ಸಂಗ್ರಹಿಸುವುದಿಲ್ಲ, ಅಕ್ಷರದ ಆಕಾರದ ತುಂಡುಗಳನ್ನು ಸಂಗ್ರಹಿಸುತ್ತದೆ. 'ಕ' ಎಂಬುದು ಅಲ್ಲಿ ಎರಡು ತುಂಡು: ತಲೆಕಟ್ಟಿಲ್ಲದ ದೇಹ ಮತ್ತು ತಲೆಕಟ್ಟು. 'ಕರ್ನಾಟಕ' ಎಂಬ ಪದ ಯೂನಿಕೋಡಿನಲ್ಲಿ ಏಳು ಸಂಕೇತಗಳು, ನುಡಿಯ ಹಳೆಯ ಸಂಕೇತದಲ್ಲಿ ಎಂಟು. ಕ್ರಮವೂ ಬೇರೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು, ನಕಾರ ಆಮೇಲೆ. ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವಂತೆ 'ನಾ' ಮೊದಲು, ಅರ್ಕಾವೊತ್ತು ಆಮೇಲೆ. ಪರಿವರ್ತಕ ತಂತ್ರಾಂಶ ಅರ್ಕಾವೊತ್ತನ್ನು ಎತ್ತಿ ಹಿಂದಕ್ಕೆ ಇಡಬೇಕು.

ಇಷ್ಟಾದರೂ ಪರಿಹಾರ ಸುಲಭವೇ. ಕಷ್ಟ ಶುರುವಾಗುವುದು ಹಂತ ಹಂತದ ಬದಲಾವಣೆಯಲ್ಲಿ. ಹಳೆಯ ಪುಟ ವಿದ್ಯಾರ್ಥಿಯ ಹೆಸರನ್ನು ಹಳೆಯ ಸಂಕೇತದಲ್ಲಿ ಬರೆಯುತ್ತದೆ, ಹೊಸ ಪುಟ ಅದೇ ಕಂಬಸಾಲಿನಲ್ಲಿ ಯೂನಿಕೋಡಿನಲ್ಲಿ ಬರೆಯುತ್ತದೆ. ಆರು ತಿಂಗಳ ನಂತರ ಒಂದೇ ಕಂಬಸಾಲಿನಲ್ಲಿ ಎರಡು ಜಾತಿಯ ಪಠ್ಯ. ಯಾವುದು ಯಾವುದೆಂದು ಹೇಳುವ ಗುರುತಿಲ್ಲ. ಹೆಸರನ್ನು ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಪರಿವರ್ತಿಸೋಣವೆಂದರೆ ಮತ್ತೊಂದು ಬಲೆ ಕಾದಿದೆ. ಹಳೆಯ ಸಂಕೇತದಲ್ಲಿ 'ಕ'ದ ದೇಹಕ್ಕೂ ಇಂಗ್ಲಿಷಿನ ಪಿ ಅಕ್ಷರಕ್ಕೂ ಒಂದೇ ಸಂಖ್ಯೆ, 80. ಪಿ.ಯು.ಸಿ. ಎಂದು ಇಂಗ್ಲಿಷಿನಲ್ಲಿ ಬರೆದ ಜಾಗವನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ತುಂಡುಗಳನ್ನಾಗಿ ಮಾಡುತ್ತದೆ. ಪ್ರತಿ ನಮೂದಿಗೂ ಇದು ಯಾವ ಸಂಕೇತದ್ದು ಎಂಬ ಗುರುತಿನ ಕಂಬಸಾಲನ್ನು ಮೊದಲ ದಿನವೇ ಸೇರಿಸಿದ್ದರೆ ಈ ಗೊಂದಲವಿರುತ್ತಿರಲಿಲ್ಲ. ಅಂದಹಾಗೆ ಯೂನಿಕೋಡಿನೊಳಗೂ 'ಹೊ' ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಅಥವಾ ಎರಡು ಸಂಕೇತಗಳಾಗಿ ಬರೆಯಬಹುದು. ಹೋಲಿಸುವ ಮೊದಲು ಒಂದು ರೂಪಕ್ಕೆ ತರಬೇಕು. ಮುಖ ಬದಲಿಸಲು ಹೊರಟವರು ಹೊಟ್ಟೆಯನ್ನು ನೋಡಲೇಬೇಕಾಗುವುದು ಹೀಗೆ.

ಮುಗಿಯದ ಕೆಲಸ

ಎರಡನೆಯ ಆಕ್ಷೇಪಕ್ಕೆ ಬರೋಣ. ಕಾಡಿನಲ್ಲಿ ಒಳಗಿನ ಮರ ತಾನಾಗಿ ಸಾಯುತ್ತದೆ ಎಂದು ಉಪಮೆ ನಂಬಿಸುತ್ತದೆ. ಕಾಡಿನಲ್ಲೂ ಅದು ಯಾವಾಗಲೂ ನಿಜವಲ್ಲ. ಕ್ವೀನ್ಸ್‌ಲೆಂಡಿನ ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನದಲ್ಲಿ, 2013ರ ಓಸ್ವಾಲ್ಡ್ ಚಂಡಮಾರುತದ ನಂತರ ನಡೆದ ಅಧ್ಯಯನವೊಂದು, ಬೇರಿನ ಜಾಲರಿ ಸುತ್ತಿಕೊಂಡ ಮರಗಳು ಬಿರುಗಾಳಿಗೆ ಉರುಳುವ ಸಂಭವ ಕಡಿಮೆ ಎಂದು ಸೂಚಿಸಿತು. ಆಲವೇ ಹಳೆಯ ಮರಕ್ಕೆ ಊರುಗೋಲಾಗಿತ್ತು! ತಂತ್ರಾಂಶದಲ್ಲಿ ನಡೆಯುವುದು ಹೆಚ್ಚಾಗಿ ಇದೇ. ಹೊಸ ಪುಟಗಳು ಬಂದು ದೂರುಗಳು ಕಡಿಮೆಯಾದ ಮೇಲೆ ಉಳಿದ ಹಳೆಯ ಪುಟಗಳಿಗೆ ಹಣ ಕೇಳಿದರೆ ಆಡಳಿತ ಮಂಡಳಿ ಏಕೆ ಕೊಟ್ಟೀತು? ಹಳೆಯದು ಬದುಕಿಕೊಳ್ಳುತ್ತದೆ.

ಹಂತ ಹಂತದ ಸ್ಥಳಾಂತರದ ಬೆಲೆಯನ್ನು ಬಾಗಲಕೋಟೆಯವರಷ್ಟು ಬಲ್ಲವರು ಕಡಿಮೆ. ಮನೆ ಮುಳುಗಿದವರ ನೋವನ್ನು ತಂತ್ರಾಂಶದ ಪಕ್ಕ ಇಡುವುದು ಅಷ್ಟು ಸರಿಯಲ್ಲ ಎಂಬ ಅರಿವಿನಿಂದಲೇ ಇದನ್ನು ಹೇಳುತ್ತಿದ್ದೇನೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಒಳಗಾಗುತ್ತವೆಂದು ನವನಗರವನ್ನು ಯೂನಿಟ್‌ಗಳಾಗಿ ಕಟ್ಟಲಾಯಿತು. ಜಲಾಶಯದ ಮಟ್ಟ 519.6 ಮೀಟರ್ ಎಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಹೇಳಿತು. ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರಿಗೆ ಒಪ್ಪಿತು. ಅಂದರೆ ಎಲ್ಲಿಯವರೆಗೆ ಸ್ಥಳಾಂತರ ಎಂಬ ಗೆರೆಯೇ ನಡುವೆ ಜರುಗಿತು. ಜಿಲ್ಲಾಡಳಿತ ಭವನ ನವನಗರದಲ್ಲಿ, ಹಳೆಯ ಪೇಟೆ ಹಳೆಯ ಊರಿನಲ್ಲಿ. ಎರಡೂ ಕಡೆ ರಸ್ತೆ, ದೀಪ, ನೀರು ನೋಡಿಕೊಳ್ಳಬೇಕು. ನಡುವಿನ ಓಡಾಟದ ಖರ್ಚು ಜನರದು.

ತಂತ್ರಾಂಶದಲ್ಲೂ ಗೆರೆ ಜರುಗುತ್ತದೆ. 2010ರ ಆಂಗ್ಯುಲರ್‌ಜೆಎಸ್‌ಗೆ ಬರೆದವರು 2016ರಲ್ಲಿ ಬಂದ ಹೊಸ ಆಂಗ್ಯುಲರ್ ಅದರೊಂದಿಗೆ ಹೊಂದುವುದಿಲ್ಲವೆಂದು ಕಂಡು ಸ್ಥಳಾಂತರ ಆರಂಭಿಸಿದರು. ಕೆಲವರು ಅರ್ಧ ದಾರಿಯಲ್ಲಿ ರಿಯಾಕ್ಟ್ ಕಡೆ ತಿರುಗಿದರು. ಅಲ್ಲಿಗೆ ಒಂದೇ ತಂತ್ರಾಂಶದಲ್ಲಿ ಮೂರು ಪದರ. ಆಂಗ್ಯುಲರ್‌ಜೆಎಸ್‌ಗೆ ಬೆಂಬಲ 2021ರ ಡಿಸೆಂಬರ್ 31ಕ್ಕೆ, ವ್ಯೂ ಎರಡನೆಯ ಆವೃತ್ತಿಗೆ 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಜೇಕ್ವೆರಿಯ 3.5.0ಕ್ಕೆ ಹಿಂದಿನ ಆವೃತ್ತಿಗಳಲ್ಲಿದ್ದ ಭದ್ರತಾ ದೋಷಗಳನ್ನು 2020ರ ಏಪ್ರಿಲಿನಲ್ಲಿ ಸರಿಪಡಿಸಲಾಯಿತು. ಅರ್ಧ ಬದಲಾಗಿ ನಿಂತ ತಂತ್ರಾಂಶದಲ್ಲಿ ಈ ಹಳೆಯ ಆವೃತ್ತಿಗಳು ಹಾಗೇ ಉಳಿದಿರುತ್ತವೆ, ಮುಟ್ಟಿದರೆ ಹಳೆಯ ಪುಟ ಕೆಟ್ಟೀತೆಂಬ ಭಯದಿಂದ. ಹಳ್ಳಿಯ ವಿದ್ಯಾರ್ಥಿಯ ಮೊಬೈಲು ಎರಡು ಕಾಲದ ಸಂಕೇತವನ್ನೂ ಇಳಿಸಿಕೊಳ್ಳಬೇಕು.

ಹೆಸರುಗಳೂ ಅಂಟಿಕೊಳ್ಳುತ್ತವೆ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಒಂದು ಗುಡಿಯನ್ನು ಇಂದಿಗೂ ಲಾಡ್‌ಖಾನ್ ಗುಡಿ ಎನ್ನುತ್ತಾರೆ. ಯಾವುದೋ ಕಾಲದಲ್ಲಿ ಆ ಹೆಸರಿನವರೊಬ್ಬರು ಅದರಲ್ಲಿ ವಾಸವಾಗಿದ್ದರು, ಅಷ್ಟೇ. ಗುಡಿಗೆ ಅದರಿಂದ ಹಾನಿಯಿಲ್ಲ, ಚೆಲುವೇ ಉಂಟು. ತಂತ್ರಾಂಶದಲ್ಲಿ 'ತಾತ್ಕಾಲಿಕ ಶುಲ್ಕ 2' ಎಂಬ ಹೆಸರಿನ ಕಡತ ಹದಿನೈದು ವರ್ಷ ಉಳಿದರೆ, ಮುಂದೆ ಬಂದವರು ಅದನ್ನು ಅಳಿಸಲೂ ಹೆದರುತ್ತಾರೆ, ಬಳಸಲೂ ಹೆದರುತ್ತಾರೆ.

ಫೌಲರ್ ಅವರಿಗೆ ಅನ್ಯಾಯವಾಗಬಾರದು. ಇಂದು ಬರೆಯುವ ಹೊಸ ತಂತ್ರಾಂಶವೂ ನಾಳೆ ಹಳೆಯದಾಗುತ್ತದೆ, ಅದನ್ನೂ ಸುಲಭವಾಗಿ ತೆಗೆಯುವಂತೆ ಕಟ್ಟಬೇಕು ಎಂಬ ಎಚ್ಚರಿಕೆ ಅವರ 2004ರ ಟಿಪ್ಪಣಿಯಲ್ಲೇ ಇದೆ. ಉಪಮೆಯನ್ನು ಎತ್ತಿಕೊಂಡವರು ಆ ಭಾಗವನ್ನು ಅಲ್ಲಿಯೇ ಬಿಟ್ಟು ಬಂದರು.

ವಿದ್ಯಾರ್ಥಿಗಳ ಯೋಜನಾ ವರದಿಗಳನ್ನು ನೋಡುವ ಅಧ್ಯಾಪಕರು ಇದನ್ನು ಪರೀಕ್ಷಿಸಬಹುದು. ಎಷ್ಟು ಹೊಸ ಪುಟ ಬರೆದಿರಿ ಎಂಬುದು ವರದಿಯ ಮೊದಲ ಪುಟದಲ್ಲಿಯೇ ಇರುತ್ತದೆ. ಅದನ್ನು ಬಿಟ್ಟು ಹೀಗೆ ಕೇಳಿ: ಯಾವ ಹಳೆಯ ಕಡತಗಳನ್ನು ಅಳಿಸಿದಿರಿ, ಯಾವ ದಿನ? ಕೊಂಡಿಯಾಗಿ ಬರೆದ ಸಂಕೇತ ಎಷ್ಟು ಸಾಲು, ಅದನ್ನು ತೆಗೆಯುವ ದಿನ ಯಾವುದು? ಹಳೆಯ ಪುಟದಲ್ಲಿ ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಿಂದಲೇ ಶುಲ್ಕ ತುಂಬುತ್ತಿದ್ದ ಗುಮಾಸ್ತರನ್ನು ಹೊಸದರ ಮುಂದೆ ಕೂರಿಸಿ ನೋಡಿದಿರಾ? ತಾಲ್ಲೂಕುಗಳ ಪಟ್ಟಿ ಎಷ್ಟು ಕಡೆ ಇದೆ? ಈ ಕೊನೆಯ ಪ್ರಶ್ನೆಗೆ ಉತ್ತರ ಒಂದು ಎಂದು ಬಂದರೆ, ವರದಿಯ ಉಳಿದ ಪುಟಗಳನ್ನು ಸಮಾಧಾನದಿಂದ ಓದಬಹುದು.